ಕೈಗೆಲಸವನ್ನು ಒರೆಗೆ ಹಚ್ಚುವವರು

ಬಾಯ್ಲರಿನ ಉಗಿ ಕೊಳವೆಗೆ ಬೆಸುಗೆ ಹಾಕುವ ವೆಲ್ಡರ್ ಆಗಬೇಕಾದರೆ ಐಟಿಐ ಸರ್ಟಿಫಿಕೇಟ್ ಒಂದಿದ್ದರೆ ಸಾಲದು. 1950ರ ಭಾರತೀಯ ಬಾಯ್ಲರ್ ನಿಯಮಾವಳಿ ಅವನಿಗೆ ಬೇರೆಯದೇ ಪರೀಕ್ಷೆ ಇಟ್ಟಿದೆ. ಪರೀಕ್ಷಕರ ಎದುರಿಗೇ ಅವನು ಲೋಹದ ತುಂಡುಗಳನ್ನು ಬೆಸೆಯಬೇಕು. ಬೆಸೆದದ್ದನ್ನು ಪಟ್ಟಿಗಳಾಗಿ ಕತ್ತರಿಸಿ, ಬಾಗಿಸಿ, ಬಿರುಕು ಬಿಟ್ಟಿತೇ ಎಂದು ನೋಡುತ್ತಾರೆ. ನೆಲದ ಮೇಲೆ ಮಲಗಿಸಿದ ತಗಡಿಗೆ ಚೆನ್ನಾಗಿ ಬೆಸುಗೆ ಹಾಕಿದ ಮಾತ್ರಕ್ಕೆ ತಲೆಯ ಮೇಲಿನ ಕೊಳವೆಗೂ ಹಾಕಬಲ್ಲ ಎಂದು ಯಾರೂ ಒಪ್ಪುವುದಿಲ್ಲ. ಯಾವ ಭಂಗಿಯಲ್ಲಿ, ಎಷ್ಟು ದಪ್ಪದ ಲೋಹಕ್ಕೆ, ಯಾವ ವಿಧಾನದಲ್ಲಿ ಎಂಬುದನ್ನು ನೋಡಿಯೇ ಅರ್ಹತೆ ಕೊಡುತ್ತಾರೆ. ಆ ಅರ್ಹತೆಗೆ ಅವಧಿಯೂ ಉಂಟು. ವೆಲ್ಡರ್‌ಗಳ ಅರ್ಹತೆ ಕುರಿತ ಐಎಸ್‌ಒ 9606 ಎಂಬ ಅಂತರರಾಷ್ಟ್ರೀಯ ಮಾನದಂಡವಂತೂ, ಆತ ಆ ಕೆಲಸದಲ್ಲಿ ಕೈಯಾಡಿಸುತ್ತಲೇ ಇದ್ದಾನೆಂದು ಆರು ತಿಂಗಳಿಗೊಮ್ಮೆ ಜವಾಬ್ದಾರಿಯುಳ್ಳವರು ಸಹಿ ಮಾಡಿ ದೃಢಪಡಿಸಬೇಕು ಎನ್ನುತ್ತದೆ. ಇಷ್ಟು ಬಿಗಿ ಏಕೆಂದರೆ, ಬೆಸುಗೆ ಸೋತರೆ ಬಾಯ್ಲರ್ ಸಿಡಿಯುತ್ತದೆ, ಜನ ಸಾಯುತ್ತಾರೆ. ಹಾಗೆ ಪಡೆದ ಪ್ರಮಾಣಪತ್ರವನ್ನು ಕಾರ್ಖಾನೆಗಳು ನಂಬುತ್ತವೆ.

ಆ ಕಾಗದಕ್ಕೆ ಬೆಲೆ ತಂದುಕೊಟ್ಟದ್ದು, ಸಹಿ ಹಾಕುವ ಮೊದಲು ಕೆಲಸವನ್ನು ಕಣ್ಣಾರೆ ಕಂಡ ಮನುಷ್ಯ. ನಮ್ಮಲ್ಲಿ ಕೌಶಲ ತರಬೇತಿಯ ಮಾತು ಬಂದಾಗಲೆಲ್ಲ ಕಟ್ಟಡ, ಯಂತ್ರ, ಪಠ್ಯಕ್ರಮ, ಬೋಧಕರು, ಫಲಾನುಭವಿಗಳ ಸಂಖ್ಯೆ ಎಲ್ಲವೂ ಚರ್ಚೆಗೆ ಬರುತ್ತವೆ. ಕಲಿತವರು ನಿಜಕ್ಕೂ ಕಲಿತರೇ ಎಂದು ತೀರ್ಮಾನಿಸುವ ಮೌಲ್ಯಮಾಪಕರು, ತರಬೇತಿ ವಲಯದ ಬಾಯಲ್ಲಿ ‘ಅಸೆಸರ್’ ಆದವರು, ಪಟ್ಟಿಯ ಕೊನೆಯಲ್ಲೂ ಕಾಣಿಸುವುದಿಲ್ಲ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಲಕ್ಷಗಟ್ಟಲೆ ಹಂಚಿದ ಕೌಶಲ ಪ್ರಮಾಣಪತ್ರಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಸಿಗದೇ ಹೋಗಲು ದೊಡ್ಡ ಕಾರಣ, ಮೌಲ್ಯಮಾಪನವನ್ನು ನಾವು ಒಂದು ಕಸುಬಾಗಿ ಬೆಳೆಸದೆ, ತರಬೇತಿಯ ಕೊನೆಯ ದಿನದ ವಿಧಿಯಾಗಿ ಮುಗಿಸಿದ್ದು. ಅದನ್ನು ಕೆಲಸದ ಜಾಗಕ್ಕೆ ಒಯ್ದು, ಕೈ ಪಳಗಿದವರ ಕೈಗೆ ಕೊಟ್ಟು, ಅವರಿಗೆ ಬೇಕಾದ ಸಮಯವನ್ನೂ ಸ್ವಾತಂತ್ರ್ಯವನ್ನೂ ಒದಗಿಸದ ಹೊರತು ಉಳಿದ ಸುಧಾರಣೆಗಳು ಫಲ ಕೊಡುವುದು ಕಷ್ಟ.

ಮೌಲ್ಯಮಾಪನವನ್ನು ಹೀಗೆ ಮುಗಿಸಿಬಿಡುವ ಅವಸರ ಎಲ್ಲಿಂದ ಬಂತೆಂದು ತಿಳಿಯಲು ಹೆಚ್ಚು ಹಿಂದೆ ಹೋಗಬೇಕಿಲ್ಲ. 1950ರ ಕುಶಲಕರ್ಮಿ ತರಬೇತಿ ಯೋಜನೆ ಐಟಿಐಗಳನ್ನು ಕೊಟ್ಟಿತು, 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಯೊಳಗೆ ಕಲಿಯುವ ದಾರಿ ತೆರೆಯಿತು. ಎರಡರಲ್ಲೂ ಟ್ರೇಡ್ ಟೆಸ್ಟ್ ಇತ್ತು. ಫಿಟ್ಟರ್ ಮಾಡಿದ ಜಾಬನ್ನು ವರ್ನಿಯರ್ ಹಿಡಿದು ಅಳೆಯುವ ಪದ್ಧತಿ ಇತ್ತು. ಆದರೆ 2015ರ ರಾಷ್ಟ್ರೀಯ ಕೌಶಲ ನೀತಿ, ದೇಶದ ದುಡಿಯುವವರಲ್ಲಿ ವಿಧಿವತ್ತಾದ ಕೌಶಲ ತರಬೇತಿ ಪಡೆದವರು ಶೇ 4.69 ಮಾತ್ರ ಎಂದೂ ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96 ಎಂದೂ ಹೋಲಿಸಿ ತೋರಿಸಿತು. ಆ ಅಂತರವನ್ನು ಬೇಗ ತುಂಬುವ ಹಟದಲ್ಲಿ ಅದೇ ವರ್ಷದ ಜುಲೈನಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಬಂತು. ಕರ್ನಾಟಕದಲ್ಲಿ 2017ರಲ್ಲಿ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ಬಂತು. ಕೆಲವು ವಾರಗಳ ಅಥವಾ ಕೆಲವು ತಿಂಗಳ ಕೋರ್ಸು, ಕೊನೆಯಲ್ಲಿ ಹೊರಗಿನ ಮೌಲ್ಯಮಾಪನ, ಪಾಸಾದರೆ ಪ್ರಮಾಣಪತ್ರ. ತರಬೇತಿ ಕೊಟ್ಟವರೇ ಅಂಕ ಕೊಡಬಾರದು ಎಂಬ ತತ್ವ ಇದರಲ್ಲಿತ್ತು. ಆ ತತ್ವ ಸರಿಯಾದದ್ದೇ.

ಹಣ ಹರಿದ ದಾರಿ ಮಾತ್ರ ಆ ತತ್ವವನ್ನು ಒಳಗಿಂದಲೇ ಕೊರೆಯಿತು. ಕೇಂದ್ರ ಯೋಜನೆಯ ಎರಡನೆಯ ಹಂತದಲ್ಲಿ ತರಬೇತಿ ಸಂಸ್ಥೆಗೆ ಬ್ಯಾಚ್ ಶುರುವಾದಾಗ ಶೇ 30, ಅಭ್ಯರ್ಥಿಗಳು ಪಾಸಾಗಿ ಪ್ರಮಾಣಪತ್ರ ಪಡೆದಾಗ ಶೇ 50, ಕೆಲಸ ಕೊಡಿಸಿದ ಮೇಲೆ ಶೇ 20 ಹಣ ಸಂದಾಯವಾಗುತ್ತಿತ್ತು. ಅಂದರೆ ಸಂಸ್ಥೆಯ ಅರ್ಧ ಆದಾಯ ಒಬ್ಬ ಅಸೆಸರ್‌ನ ಒಂದು ದಿನದ ತೀರ್ಪಿನ ಮೇಲೆ ನಿಂತಿತ್ತು. ಆ ತೀರ್ಪಿಗೆ ಎಷ್ಟು ಖರ್ಚು ಮಾಡುತ್ತಿದ್ದೆವು? ಕೇಂದ್ರದ ಕೌಶಲ ಯೋಜನೆಗಳಿಗೆ ಅನ್ವಯಿಸಿದ 2015ರ ಸಾಮಾನ್ಯ ಮಾನದಂಡಗಳಲ್ಲಿ ಮೌಲ್ಯಮಾಪನ ಮತ್ತು ಪ್ರಮಾಣೀಕರಣ ಎರಡಕ್ಕೂ ಸೇರಿ ಒಬ್ಬ ಅಭ್ಯರ್ಥಿಗೆ 600ರಿಂದ 1,500 ರೂಪಾಯಿ. ಪ್ರಶ್ನೆಪತ್ರಿಕೆ, ಆನ್‌ಲೈನ್ ವ್ಯವಸ್ಥೆ, ಏಜೆನ್ಸಿಯ ಪಾಲು, ಪ್ರಯಾಣ ಎಲ್ಲ ಕಳೆದು ಉಳಿದದ್ದು ಅಸೆಸರ್‌ಗೆ. ಮೂವತ್ತು ಜನರ ಬ್ಯಾಚನ್ನು ಎಂಟು ಗಂಟೆಯ ಒಂದೇ ದಿನದಲ್ಲಿ ಮುಗಿಸಿದರೆ ಒಬ್ಬರ ಪಾಲಿಗೆ ಬರುವುದು ಹದಿನಾರು ನಿಮಿಷ. ಥಿಯರಿ ಪರೀಕ್ಷೆ, ಹಾಜರಾತಿ, ಆಧಾರ್ ತಪಾಸಣೆ, ಸ್ಥಳದ ಗುರುತಿರುವ ಫೋಟೊ, ಊಟದ ಬಿಡುವು ಎಲ್ಲವೂ ಅದರಲ್ಲೇ ಆಗಬೇಕು. ಎಷ್ಟೇ ಪ್ರಾಮಾಣಿಕರಾದರೂ ಆ ಹೊತ್ತಿನಲ್ಲಿ ಒಬ್ಬರ ಕೈಗೆಲಸವನ್ನು ತಿಳಿಯಲಾಗದು. ಆಯಾ ಉದ್ಯಮದ ಕೌಶಲ ಮಾನದಂಡ ರೂಪಿಸುವ ವಲಯ ಕೌಶಲ ಮಂಡಳಿಗಳನ್ನು ಪರಿಶೀಲಿಸಿ 2016ರಲ್ಲಿ ವರದಿ ಕೊಟ್ಟ ಶಾರದಾ ಪ್ರಸಾದ್ ಸಮಿತಿ ಈ ವ್ಯವಸ್ಥೆಯೊಳಗಿನ ಹಿತಾಸಕ್ತಿಗಳ ಸಂಘರ್ಷವನ್ನು ಬೆರಳಿಟ್ಟು ತೋರಿಸಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ, ಕೇಂದ್ರ ಯೋಜನೆಯ ದಾಖಲೆಗಳಲ್ಲಿ ಬಹುಪಾಲು ಬ್ಯಾಂಕ್ ಖಾತೆ ವಿವರ ಖಾಲಿ ಅಥವಾ ಅಮಾನ್ಯ ಎಂದೂ, ಒಂದೇ ಭಾವಚಿತ್ರ ಬೇರೆ ಬೇರೆ ಫಲಾನುಭವಿಗಳ ಹೆಸರಿನಲ್ಲಿತ್ತೆಂದೂ ಹೇಳಿತು. ಮನುಷ್ಯರು ಇದ್ದರೇ ಇಲ್ಲವೇ ಎಂಬುದೇ ಅನುಮಾನವಾದ ಕಡೆ ಅವರ ಕೌಶಲವನ್ನು ಅಳೆದರೇ ಎಂದು ಕೇಳುವುದಾದರೂ ಹೇಗೆ? 2018ರಲ್ಲಿ ಅಧಿಸೂಚನೆಯಾಗಿ 2020ರಿಂದ ಕೆಲಸ ಶುರುಮಾಡಿದ ರಾಷ್ಟ್ರೀಯ ವೃತ್ತಿಶಿಕ್ಷಣ ಮತ್ತು ತರಬೇತಿ ಮಂಡಳಿ, ಅಂದರೆ ಎನ್‌ಸಿವಿಇಟಿ ಈಗ ಪ್ರಮಾಣಪತ್ರ ಕೊಡುವ ಸಂಸ್ಥೆಗಳಿಗೂ ಮೌಲ್ಯಮಾಪನ ಏಜೆನ್ಸಿಗಳಿಗೂ ಮಾನ್ಯತೆಯ ನಿಯಮ ಮಾಡಿದೆ. ಏಜೆನ್ಸಿಗೆ ನಿಯಮ ಬಂತು. ಅಲ್ಲಿ ದುಡಿಯುವ ವ್ಯಕ್ತಿಯ ಸ್ಥಿತಿ ಹೆಚ್ಚು ಬದಲಾಗಿಲ್ಲ.

ಒಳ್ಳೆಯ ಮೌಲ್ಯಮಾಪನ ಹೇಗಿರುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯ, ಏಕೆಂದರೆ ಇದರ ಕಷ್ಟ ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. ಬೆಂಗಳೂರು, ರಾಮನಗರ, ಮಂಡ್ಯ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಆಪರೇಟರ್ ಆಗಿ ತರಬೇತಿ ಪಡೆಯುತ್ತಿರುವ ಒಬ್ಬ ಹೆಣ್ಣುಮಗಳನ್ನು ತೆಗೆದುಕೊಳ್ಳೋಣ. ಆಕೆ ಹೊಲಿದ ಕಾಲರ್ ಎದುರಿಗಿದೆ. ಹೊಲಿಗೆ ನೇರವಾಗಿದೆ, ಇಂಚಿಗೆ ಇಷ್ಟು ಎಂಬ ಲೆಕ್ಕದ ಹೊಲಿಗೆಗಳೂ ಸರಿಯಾಗಿವೆ. ಇಷ್ಟರಿಂದ ತಿಳಿಯುವುದು ಒಂದು ಪೀಸ್ ಚೆನ್ನಾಗಿ ಬಂದಿದೆ ಎಂಬುದಷ್ಟೇ. ಅದನ್ನು ಆಕೆಯೇ ಹೊಲಿದಳೇ? ಇಪ್ಪತ್ತನೆಯ ಪೀಸೂ ಹೀಗೇ ಬರುತ್ತದೆಯೇ? ಬಟ್ಟೆ ಹತ್ತಿಯಿಂದ ಜಾರುವ ರೇಯಾನಿಗೆ ಬದಲಾದರೆ ದಾರದ ಬಿಗಿತವನ್ನು ತಾನೇ ತಿದ್ದಿಕೊಳ್ಳುತ್ತಾಳೆಯೇ? ಬಾಬಿನ್ ಖಾಲಿಯಾಗುವ ಸುಳಿವು ಆಕೆಗೆ ಮೊದಲೇ ಗೊತ್ತಾಗುತ್ತದೆಯೇ? ಸೂಜಿ ಮುರಿದರೆ ಏನು ಮಾಡುತ್ತಾಳೆ? ರಫ್ತು ಕಾರ್ಖಾನೆಗಳಲ್ಲಿ ಮುರಿದ ಸೂಜಿಯ ಎಲ್ಲ ಚೂರೂ ಸಿಕ್ಕಿ, ಪುಸ್ತಕದಲ್ಲಿ ದಾಖಲಾದ ಮೇಲೆಯೇ ಹೊಸ ಸೂಜಿ ಕೊಡುವ ನಿಯಮವಿದೆ. ಚೂರು ಮಗುವಿನ ಉಡುಪಿನೊಳಗೆ ಉಳಿದರೆ ಆಗುವ ಅನಾಹುತ ದೊಡ್ಡದು. ಟಾರ್ಗೆಟ್ಟಿನ ಒತ್ತಡ ಇರುವಾಗಲೂ ಯಂತ್ರ ನಿಲ್ಲಿಸಿ ಚೂರು ಹುಡುಕುವವಳು ಕೆಲಸ ಬಲ್ಲವಳು. ತರಬೇತಿ ಕೇಂದ್ರದ ಪರೀಕ್ಷೆಯ ದಿನ ಸೂಜಿ ಮುರಿಯದೇ ಇರಬಹುದು. ಪ್ರಶ್ನೆ ಕೇಳಿದರೆ ಬಾಯಿಪಾಠದ ಉತ್ತರ ಬರುತ್ತದೆ. ಲೈನ್ ಓಡುತ್ತಿರುವಾಗ ಪಕ್ಕದಲ್ಲಿ ನಿಂತವರಿಗೆ ಮಾತ್ರ ಇದು ಕಾಣುತ್ತದೆ.

ಹಾಗಾಗಿ ಮೌಲ್ಯಮಾಪಕರು ತಮ್ಮನ್ನು ತಾವೇ ಕೇಳಿಕೊಳ್ಳುವ ಪ್ರಶ್ನೆಗಳಿವೆ. ನಾನು ನೋಡುತ್ತಿರುವುದು ನಿಜವಾಗಿ ಅಳೆಯಬೇಕಾದ ಕೆಲಸವೇ? ಇದು ಈ ಅಭ್ಯರ್ಥಿಯದೇ ಕೆಲಸವೇ? ಇಂದಿಗೂ ಈ ಕೈಗೆ ಇದು ಬರುತ್ತದೆಯೇ, ಅಥವಾ ಎಂದೋ ಬರುತ್ತಿತ್ತೇ? ತೀರ್ಮಾನಕ್ಕೆ ಬರುವಷ್ಟು ನೋಡಿದ್ದೇನೆಯೇ? ನಾಲ್ಕನೆಯದು ಎಲ್ಲಕ್ಕಿಂತ ಕಠಿಣ. ಒಂದು ಸಲ ಕಂಡದ್ದು ಅದೃಷ್ಟವಿರಬಹುದು, ಭಯದಿಂದ ಕೆಟ್ಟದ್ದೂ ಇರಬಹುದು. ಮೂರು ಬೇರೆ ದಿನ, ಬೇರೆ ಪಾಳಿಗಳಲ್ಲಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಅದರ ಜೊತೆಗೆ ಲೈನ್ ಸೂಪರ್‌ವೈಸರ್‌ನ ಹೇಳಿಕೆ, ಚೆಕ್ಕಿಂಗ್ ವಿಭಾಗದಿಂದ ವಾಪಸಾದ ಪೀಸುಗಳ ಲೆಕ್ಕ, ಕೆಲಸ ಮುಗಿದ ಮೇಲೆ ‘ಇದನ್ನು ಹೀಗೇಕೆ ಮಾಡಿದೆ’ ಎಂದು ಶುರುವಾಗುವ ಮಾತುಕತೆ ಎಲ್ಲ ಕೂಡಿದರೆ ತೀರ್ಪಿಗೆ ನೆಲೆ ಸಿಗುತ್ತದೆ. ನೋಡುವುದರಲ್ಲೂ ಶಿಸ್ತು ಬೇಕು. ಅನುಭವಿ ಕೆಲಸಗಾರರಿಗೆ ಎದುರಿಗೆ ತಪ್ಪು ನಡೆಯುತ್ತಿದ್ದರೆ ಕೈ ಸುಮ್ಮನಿರುವುದಿಲ್ಲ, ತಿದ್ದಿಬಿಡುತ್ತಾರೆ; ಬೋಧಕರಾಗಿ ಅದು ಸದ್ಗುಣ, ಮೌಲ್ಯಮಾಪಕರಾಗಿ ದೋಷ. ಅಪಾಯ ಕಂಡರೆ ತಡೆಯಬೇಕು, ಉಳಿದಂತೆ ಬಾಯಿ ಮುಚ್ಚಿಕೊಂಡು ಬರೆದುಕೊಳ್ಳಬೇಕು. ಚುರುಕಾಗಿ ಮಾತಾಡುವವರಿಗೆ ತಿಳಿಯದೆಯೇ ಎರಡು ಅಂಕ ಹೆಚ್ಚು ಹೋಗುತ್ತದೆ. ಬೆಳಿಗ್ಗೆ ಮೊದಲ ಅಭ್ಯರ್ಥಿಗೆ ತೋರಿದ ಬಿಗಿ ಸಂಜೆಯ ಕೊನೆಯವರಿಗೆ ಇರುವುದಿಲ್ಲ. ಇದಕ್ಕೆ ಮದ್ದು, ಒಂದೇ ಕೆಲಸಕ್ಕೆ ಹಲವು ಅಸೆಸರ್‌ಗಳು ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಒಟ್ಟಿಗೆ ಕೂತು ‘ನೀವು ಏಳು ಕೊಟ್ಟಿರಿ, ನಾನು ನಾಲ್ಕು, ಏಕೆ’ ಎಂದು ಚರ್ಚಿಸುವುದು. ಇಂಥ ಸಭೆಗಳು ಆಗಾಗ ನಡೆದರೆ ಮಾತ್ರ ರಾಯಚೂರಿನ ಪಾಸು ಮಂಗಳೂರಿನ ಪಾಸಿಗೆ ಸಮನಾಗುತ್ತದೆ.

ಇಂಥ ಕೆಲಸಕ್ಕೆ ನಾವು ಜನರನ್ನು ತಯಾರು ಮಾಡುವ ಬಗೆ ಹೀಗಿದೆ: ಆಯಾ ಟ್ರೇಡ್‌ನಲ್ಲಿ ನಿಗದಿತ ವಿದ್ಯಾರ್ಹತೆ, ಕೆಲವು ವರ್ಷಗಳ ಅನುಭವ, ವಲಯ ಕೌಶಲ ಮಂಡಳಿ ನಡೆಸುವ ಕೆಲವು ದಿನಗಳ ಅಸೆಸರ್ ತರಬೇತಿ, ಒಂದು ಪರೀಕ್ಷೆ. ಪಾಸಾದವರು ಅವಧಿಯುಳ್ಳ ಪ್ರಮಾಣಪತ್ರ ಪಡೆದು ಏಜೆನ್ಸಿಗಳ ಪಟ್ಟಿಗೆ ಸೇರುತ್ತಾರೆ. ಆಮೇಲೆ ಸಾಮಾನ್ಯವಾಗಿ ಸಂಬಳವಿಲ್ಲ, ಕರೆ ಬಂದ ದಿನಕ್ಕೆ ಸಂಭಾವನೆ. ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಪರಿಚಯವಿಲ್ಲದ ಊರಿನ ಕೇಂದ್ರಕ್ಕೆ ಹೋಗಬೇಕು. ಆ ಕೇಂದ್ರದವರೇ ತಿಂಡಿ ಕೊಡುತ್ತಾರೆ, ಯಂತ್ರ ತೋರಿಸುತ್ತಾರೆ, ಸಂಜೆ ಬಸ್ ನಿಲ್ದಾಣಕ್ಕೂ ಬಿಡುತ್ತಾರೆ. ಅಂಥವರ ಬ್ಯಾಚಿನಲ್ಲಿ ಅರ್ಧ ಜನರನ್ನು ಫೇಲ್ ಮಾಡಿದರೆ ಮುಂದಿನ ಸಲ ಕರೆ ಬರುತ್ತದೆಯೇ ಎಂಬ ಅಳುಕು ಮನಸ್ಸಿನಲ್ಲಿ ಇರುವುದು ಸಹಜ. ಕೈಯಲ್ಲಿ ಒಳ್ಳೆಯ ಕೆಲಸವಿರುವ ಇಪ್ಪತ್ತು ವರ್ಷ ಪಳಗಿದ ಮೇಸ್ತ್ರಿ, ಟೂಲ್‌ರೂಮಿನ ಹಿರಿಯ ಫಿಟ್ಟರ್, ಆಸ್ಪತ್ರೆಯ ಹಿರಿಯ ನರ್ಸ್ ಈ ಅನಿಶ್ಚಿತ ಬದುಕಿಗೆ ಏಕೆ ಬಂದಾರು? ಮಕ್ಕಳನ್ನು ಮನೆಯಲ್ಲಿ ಬಿಟ್ಟು ಊರೂರು ತಿರುಗಲಾಗದ ಮಹಿಳೆಯರು ಸಹಜವಾಗಿಯೇ ಹೊರಗುಳಿಯುತ್ತಾರೆ. ಹೊಲಿಗೆ, ಸೌಂದರ್ಯ ಆರೈಕೆ, ರೋಗಿಗಳ ಆರೈಕೆಯಂಥ ಟ್ರೇಡ್‌ಗಳಲ್ಲಿ ಕಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ ಆಗಿರುವಾಗ ಇದು ದೊಡ್ಡ ನಷ್ಟ.

ಕೆಲಸದ ಜಾಗದಲ್ಲೇ ಮೌಲ್ಯಮಾಪನ ಮಾಡುವುದನ್ನು ಒಂದು ಹುದ್ದೆಯಾಗಿ ಬೆಳೆಸಿದ ದೇಶ ಬ್ರಿಟನ್. 1986ರಲ್ಲಿ ಅಲ್ಲಿ ರಾಷ್ಟ್ರೀಯ ವೃತ್ತಿ ಅರ್ಹತೆಗಳ ಮಂಡಳಿ ಸ್ಥಾಪನೆಯಾಗಿ, ಎನ್‌ವಿಕ್ಯು ಎಂಬ ಅರ್ಹತೆಗಳು ಬಂದವು. ಎಲ್ಲಿ ಕಲಿತೆ, ಎಷ್ಟು ದಿನ ಕಲಿತೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೆಲಸ ಮಾಡಿ ತೋರಿಸಿದರೆ ಸಾಕು. ತೋರಿಸಿದ್ದನ್ನು ನೋಡಲು ಅಸೆಸರ್‌ಗಳು ಬೇಕಾದರು. ಅವರಿಗಾಗಿ ಮೊದಲು ಡಿ32, ಡಿ33, 2002ರ ಸುಮಾರಿಗೆ ಎ1, 2010ರ ನಂತರ ಮತ್ತೊಂದು ಸರಣಿಯ ಅರ್ಹತೆಗಳು ರೂಪುಗೊಂಡವು. ಅಸೆಸರ್ ಆಗಲಿರುವವರು ನಿಜವಾದ ಅಭ್ಯರ್ಥಿಗಳನ್ನು ನಿಜವಾದ ಕೆಲಸದಲ್ಲಿ ನೋಡಿ ಕೊಟ್ಟ ತೀರ್ಪುಗಳನ್ನೇ ಪುರಾವೆಯಾಗಿ ಒಪ್ಪಿಸಬೇಕು; ಅರ್ಹತೆ ಸಿಗುವವರೆಗೆ ಅವರ ತೀರ್ಪಿಗೆ ಇನ್ನೊಬ್ಬ ಅರ್ಹ ಅಸೆಸರ್‌ನ ಸಹಿಯೂ ಬೇಕು. ಅವರ ಮೇಲೆ ಒಳಗಿನ ಪರಿಶೀಲಕರು, ಅವರ ಮೇಲೆ ಪ್ರಮಾಣಪತ್ರ ಕೊಡುವ ಸಂಸ್ಥೆಯ ಹೊರಗಿನ ಪರಿಶೀಲಕರು. ವೃದ್ಧಾಶ್ರಮದ ಆರೈಕೆದಾರರಿಂದ ಹಿಡಿದು ಹೋಟೆಲಿನ ಅಡುಗೆಯವರವರೆಗೆ, ಶಾಲೆ ಬೇಗ ಬಿಟ್ಟ ಅಸಂಖ್ಯ ಜನರಿಗೆ ಬದುಕಿನಲ್ಲಿ ಮೊದಲ ಅರ್ಹತೆ ಸಿಕ್ಕಿದ್ದು ಈ ಅಸೆಸರ್‌ಗಳಿಂದ. ಆ ಘನತೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಆದರೆ ಅದೇ ಬ್ರಿಟನ್ ನನ್ನ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿ ಪುರಾವೆಯನ್ನೂ ಒದಗಿಸುತ್ತದೆ. ಪ್ರತಿ ಕೆಲಸವನ್ನೂ ಚೂರು ಚೂರು ಮಾಡಿ, ಪ್ರತಿ ಚೂರಿಗೂ ಮಾನದಂಡ ಬರೆದು, ಪ್ರತಿ ಮಾನದಂಡಕ್ಕೂ ಪುರಾವೆ ಕೂಡಿಸುವಷ್ಟರಲ್ಲಿ ಅಭ್ಯರ್ಥಿಗಳ ಕಡತ ದಪ್ಪವಾಯಿತು, ಅಸೆಸರ್‌ಗಳ ಹೊತ್ತು ಕಾಗದದಲ್ಲಿ ಕಳೆಯಿತು. ಮಾನದಂಡವನ್ನು ಎಷ್ಟು ಸೂಕ್ಷ್ಮವಾಗಿ ಬರೆದರೂ ಅದು ತಾನೇ ಅಳೆಯುವುದಿಲ್ಲ, ಕೊನೆಗೆ ಅಳೆಯುವವರು ತಮ್ಮ ಅನುಭವವನ್ನೇ ನೆಚ್ಚುತ್ತಾರೆ ಎಂದು ಶಿಕ್ಷಣ ತಜ್ಞೆ ಆಲಿಸನ್ ವುಲ್ಫ್ 1990ರ ದಶಕದಲ್ಲೇ ವಾದಿಸಿದ್ದರು. ಜೊತೆಗೆ ಅಸೆಸರ್‌ಗಳಲ್ಲಿ ಬಹಳ ಮಂದಿ ತರಬೇತಿ ಸಂಸ್ಥೆಯ ನೌಕರರೇ ಆಗಿದ್ದರು. ಸಂಸ್ಥೆಗೆ ಹಣ ಬರಬೇಕಾದರೆ ಅಭ್ಯರ್ಥಿ ಪಾಸಾಗಬೇಕಿತ್ತು. ಅಪ್ರೆಂಟಿಸ್ ಪದ್ಧತಿಯನ್ನು ಪರಿಶೀಲಿಸಿದ 2012ರ ರಿಚರ್ಡ್ ವರದಿ, ಅಪ್ರೆಂಟಿಸ್‌ಗಳ ಅರ್ಹತೆಯನ್ನು ಕೊನೆಯಲ್ಲಿ, ತರಬೇತಿಗೆ ಸಂಬಂಧವಿಲ್ಲದವರು ಪರೀಕ್ಷಿಸಬೇಕೆಂದಿತು. ಇಂಗ್ಲೆಂಡ್ ಆ ದಾರಿ ಹಿಡಿಯಿತು. ಕೆಲವೇ ವರ್ಷಗಳಲ್ಲಿ ಅಲ್ಲೂ ಪರೀಕ್ಷಕರ ಕೊರತೆ, ವಿಳಂಬ, ವೆಚ್ಚದ ದೂರು ಎದ್ದು, 2025ರಲ್ಲಿ ಸರ್ಕಾರ ಮೌಲ್ಯಮಾಪನದ ಕೆಲವು ಭಾಗಗಳನ್ನು ತರಬೇತಿಯ ನಡುವೆಯೇ ನಡೆಸಲು ಅವಕಾಶ ಕೊಡುವ ಹೊಸ ತತ್ವಗಳನ್ನು ಪ್ರಕಟಿಸಿತು. ಹತ್ತಿರವಿದ್ದು ನೋಡುವವರಿಗೆ ಕೆಲಸ ಕಾಣುತ್ತದೆ, ಆದರೆ ದಾಕ್ಷಿಣ್ಯ ಹುಟ್ಟುತ್ತದೆ. ದೂರದಿಂದ ಬಂದವರಿಗೆ ದಾಕ್ಷಿಣ್ಯವಿಲ್ಲ, ಆದರೆ ಕೆಲಸ ಕಾಣುವುದಿಲ್ಲ. ಈ ಗಂಟನ್ನು ಬಿಡಿಸದೆ ನಾನು ಕೆಲಸದ ಜಾಗದ ಮೌಲ್ಯಮಾಪನವನ್ನು ಎತ್ತಿ ಹಿಡಿಯುವುದು ಸಲ್ಲದು.

ಗಂಟು ಬಿಡಿಸುವ ದಾರಿ ಜರ್ಮನಿಯಲ್ಲಿದೆ ಎಂದು ನನ್ನ ತಿಳಿವಳಿಕೆ. ಅಲ್ಲಿನ 1969ರ ವೃತ್ತಿ ತರಬೇತಿ ಕಾಯ್ದೆಯಂತೆ ಪರೀಕ್ಷಾ ಮಂಡಳಿಯಲ್ಲಿ ಕನಿಷ್ಠ ಮೂವರಿರಬೇಕು: ಮಾಲೀಕರ ಪರವಾಗಿ ಎಷ್ಟು ಜನರೋ ಕಾರ್ಮಿಕರ ಪರವಾಗಿಯೂ ಅಷ್ಟೇ ಜನ, ಜೊತೆಗೆ ವೃತ್ತಿ ಶಾಲೆಯ ಒಬ್ಬ ಶಿಕ್ಷಕರಾದರೂ ಬೇಕು. ಅವರು ಸಂಬಳದ ಪರೀಕ್ಷಕರಲ್ಲ, ತಮ್ಮ ತಮ್ಮ ಕೆಲಸದಲ್ಲಿದ್ದುಕೊಂಡೇ ಗೌರವ ಸೇವೆಯಾಗಿ ಬರುವವರು. ಖರ್ಚಿಗೂ ಕಳೆದ ಸಮಯಕ್ಕೂ ಪರಿಹಾರ ಮಾತ್ರ ಸಿಗುತ್ತದೆ. ಕೆಲವು ಲೋಹದ ಮತ್ತು ವಿದ್ಯುತ್ ಟ್ರೇಡ್‌ಗಳಲ್ಲಿ ಅಭ್ಯರ್ಥಿ ತನ್ನ ಕಾರ್ಖಾನೆಯ ನಿಜವಾದ ಒಂದು ಕೆಲಸವನ್ನೇ ಪರೀಕ್ಷೆಗಾಗಿ ಕೈಗೆತ್ತಿಕೊಂಡು, ಅದನ್ನು ದಾಖಲಿಸಿ, ಆಮೇಲೆ ಮಂಡಳಿಯ ಮುಂದೆ ಕೂತು ಅದರ ಬಗ್ಗೆ ಮಾತಾಡಬಹುದು. ಕೆಲಸ ಕಾರ್ಖಾನೆಯದು, ತೀರ್ಪು ಹೊರಗಿನವರದು, ಆ ಹೊರಗಿನವರೂ ಅದೇ ಕಸುಬಿನವರು. ಒಬ್ಬರ ದಾಕ್ಷಿಣ್ಯವನ್ನು ಇನ್ನೊಬ್ಬರ ಹಿತಾಸಕ್ತಿ ತಡೆಯುತ್ತದೆ. ಜರ್ಮನಿಯ ವಾಣಿಜ್ಯ ಮಂಡಳಿಗಳ ಹಳೆಯ ಬೇರು, ಕಾರ್ಮಿಕ ಸಂಘಗಳ ಬಲ ನಮ್ಮಲ್ಲಿಲ್ಲ ಎಂಬುದು ನಿಜ. ಇಡೀ ಮರವನ್ನು ಕಿತ್ತು ತಂದು ನೆಡಲಾಗದು. ಆದರೆ ಮೂವರು ಬೇರೆ ಬೇರೆ ಹಿತಾಸಕ್ತಿಯ ಕಸುಬುದಾರರು ಒಂದು ತೀರ್ಪಿಗೆ ಒಟ್ಟಿಗೆ ಸಹಿ ಹಾಕಬೇಕು ಎಂಬ ಕ್ರಮವನ್ನು ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಶುರು ಮಾಡಲು ಯಾವ ಅಡ್ಡಿಯೂ ಕಾಣದು. ಒಬ್ಬರು ಬೇರೆ ಕಾರ್ಖಾನೆಯ ಹಿರಿಯ ಕೆಲಸಗಾರರು, ಒಬ್ಬರು ಮಾಲೀಕರ ಕಡೆಯ ತಾಂತ್ರಿಕರು, ಒಬ್ಬರು ಸರ್ಕಾರಿ ಐಟಿಐ ಅಥವಾ 1972ರಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಂಥ (ಜಿಟಿಟಿಸಿ) ಸಂಸ್ಥೆಯ ಬೋಧಕರು.

ಇದು ದುಬಾರಿ, ನಮ್ಮ ಜನಸಂಖ್ಯೆಗೆ ಒಗ್ಗದು ಎಂಬ ಆಕ್ಷೇಪ ತಕ್ಷಣ ಬರುತ್ತದೆ. ದುಬಾರಿ ಹೌದು. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ಬೆಲೆಯಿಲ್ಲದ ಪ್ರಮಾಣಪತ್ರಕ್ಕಾಗಿ ಒಬ್ಬ ಯುವತಿ ಮೂರು ತಿಂಗಳ ದುಡಿಮೆ ಬಿಟ್ಟಿರುತ್ತಾಳೆ, ಸರ್ಕಾರ ತರಬೇತಿಯ ಪೂರ್ತಿ ಶುಲ್ಕ ತೆತ್ತಿರುತ್ತದೆ. ಕೊನೆಯ ಹೆಜ್ಜೆಗೆ ಜಿಪುಣತನ ಮಾಡಿದ್ದರಿಂದ ಎರಡೂ ವ್ಯರ್ಥ. ಎಲ್ಲ ಟ್ರೇಡ್‌ಗೂ ಒಂದೇ ಬಿಗಿ ಬೇಕಿಲ್ಲ. ಜೀವಾಪಾಯವಿರುವ ವೆಲ್ಡಿಂಗ್, ವಿದ್ಯುತ್, ರೋಗಿಗಳ ಆರೈಕೆಗೆ ಮೂವರ ಮಂಡಳಿ, ಹಲವು ಭೇಟಿ. ಉಳಿದವಕ್ಕೆ ಎರಡು ಭೇಟಿ ಮತ್ತು ಮಾದರಿ ತಪಾಸಣೆ ಸಾಕಾಗಬಹುದು. ಅಪ್ರೆಂಟಿಸ್ ನಿಯಮಗಳಂತೆ ಮೂವತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕಲಿಯುವವರು ಈಗಾಗಲೇ ಕಾರ್ಖಾನೆಯೊಳಗೆ ಇದ್ದಾರೆ, ಪ್ರತಿದಿನದ ಕೆಲಸ ಅವರ ಕೈಯಿಂದ ಆಗುತ್ತಿದೆ. ಅದನ್ನು ನೋಡಿ ಬರೆದಿಡುವವರು ಸಾಕಷ್ಟಿಲ್ಲ. ತಿಂಗಳಿಗೆ ಎರಡು ದಿನ ಹಿರಿಯ ಕೆಲಸಗಾರರನ್ನು ಸಂಬಳ ಸಹಿತ ಈ ಕೆಲಸಕ್ಕೆ ಬಿಟ್ಟುಕೊಡಬೇಕೆಂದು ನಿಯಮ ಮಾಡಿದರೆ, ಪ್ರತಿ ಕೈಗಾರಿಕಾ ಪ್ರದೇಶದಲ್ಲೂ ಅಸೆಸರ್‌ಗಳು ಹುಟ್ಟಿಕೊಳ್ಳುತ್ತಾರೆ, ರಾತ್ರಿ ಬಸ್ಸಿನ ಅಲೆದಾಟ ತಪ್ಪುತ್ತದೆ, ಮಹಿಳೆಯರೂ ಬರುತ್ತಾರೆ.

ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆ ಇರುವಾಗ ಮನುಷ್ಯರೇಕೆ ಎಂದು ಕೇಳುವವರೂ ಇದ್ದಾರೆ. ಥಿಯರಿಯನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸುವುದಕ್ಕೆ ನನ್ನ ತಕರಾರಿಲ್ಲ; ಕೆಲಸದ ವಿಡಿಯೊವನ್ನು ಎರಡನೆಯ ಅಸೆಸರ್ ನೋಡಿ ಮೊದಲಿನವರ ತೀರ್ಪನ್ನು ಪರಿಶೀಲಿಸುವುದಂತೂ ತುಂಬ ಒಳ್ಳೆಯದು. ಆದರೆ ಗೋಡೆ ಕಟ್ಟುವ ಗಾರೆಯವನು ಕರಣೆಯಿಂದ ಗಾರೆ ಎತ್ತಿದಾಗಲೇ ಅದರ ಹದ ತಪ್ಪಿದ್ದನ್ನು ಪಕ್ಕದಲ್ಲಿ ನಿಂತ ಮೇಸ್ತ್ರಿ ಗುರುತಿಸುತ್ತಾನೆ. ರೋಗಿಯನ್ನು ಮಗ್ಗುಲು ತಿರುಗಿಸುವಾಗ ಆರೈಕೆದಾರಳು ರೋಗಿಯ ಮುಖ ನೋಡಿದಳೇ, ಮೊದಲು ಹೇಳಿ ಆಮೇಲೆ ಮುಟ್ಟಿದಳೇ ಎಂಬುದನ್ನು ಕಂಡವರು ಮಾತ್ರ ಹೇಳಬಲ್ಲರು. ಭಾಷೆಯ ಪ್ರಶ್ನೆಯೂ ಇದರಲ್ಲಿ ಅಡಗಿದೆ. ಪರದೆಯ ಮೇಲೆ ಬರುವ ಕನ್ನಡ ಪ್ರಶ್ನೆ ಎಷ್ಟೋ ಸಲ ಇಂಗ್ಲಿಷಿನ ಯಾಂತ್ರಿಕ ಅನುವಾದ. ‘ರಸಮಟ್ಟ’ ಎಂದರೆ ತಿಳಿಯುವವನಿಗೆ ಪುಸ್ತಕದ ಪದ ತಿಳಿಯದೆ ಉತ್ತರ ತಪ್ಪುತ್ತದೆ. ಶಾಲೆಗೆ ಹೋಗದೆ ಕಸುಬು ಕಲಿತವರಿಗಾಗಿ ಪೂರ್ವಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆ ಇದೆ. ಓದು ಬರಹ ಬಲ್ಲವರನ್ನು ಮಾತ್ರ ಅದು ಗುರುತಿಸುವಂತಾದರೆ, ಯಾರಿಗಾಗಿ ಅದು ಹುಟ್ಟಿತೋ ಅವರೇ ಹೊರಗುಳಿದಂತಾಯಿತು. ಅವರ ಮಾತಿನಲ್ಲೇ ಕೇಳಿ, ಅವರ ಕೈ ನೋಡಿ ತೀರ್ಮಾನಿಸುವ ಅಸೆಸರ್ ಬೇಕು.

ಇನ್ನು ಕೊನೆಯ ಆಕ್ಷೇಪ, ಎಲ್ಲಕ್ಕಿಂತ ತೂಕದ್ದು: ಮಾಲೀಕರು ಪ್ರಮಾಣಪತ್ರವನ್ನು ಕೇಳುವುದೇ ಇಲ್ಲ, ಹಾಗಿರುವಾಗ ಮೌಲ್ಯಮಾಪನ ಉತ್ತಮವಾದರೆಷ್ಟು ಬಿಟ್ಟರೆಷ್ಟು? ಗಾರ್ಮೆಂಟ್ಸ್ ಗೇಟಿನಲ್ಲಿ ಕೆಲಸ ಕೇಳಿ ಬಂದವರನ್ನು ಒಳಗೆ ಕರೆದು ಯಂತ್ರದ ಮುಂದೆ ಕೂರಿಸಿ ‘ಒಂದು ಪೀಸ್ ಹೊಲಿದು ತೋರಿಸು’ ಎನ್ನುತ್ತಾರೆ. ಸೌದಿ ಅರೇಬಿಯಾವಂತೂ ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್‌ಗಳಿಗೆ ವೀಸಾ ಕೊಡುವ ಮೊದಲು ಭಾರತದಲ್ಲೇ ತನ್ನ ಕೌಶಲ ತಪಾಸಣೆ ಪರೀಕ್ಷೆ ನಡೆಸುತ್ತದೆ. ಕೊಲ್ಲಿಗೆ ಹೊರಟ ಕರಾವಳಿಯ ಹುಡುಗರಿಗೂ ಅದು ತಪ್ಪಿದ್ದಲ್ಲ. ಈ ಎರಡು ಉದಾಹರಣೆಗಳು ನನಗೆ ಹೇಳುವುದು ಬೇರೆಯೇ. ಕೌಶಲವನ್ನು ಅಳೆಯುವ ಅಗತ್ಯ ಎಲ್ಲರಿಗೂ ಇದೆ, ಅಳೆಯಲು ಬಲ್ಲವರೂ ಇದ್ದಾರೆ. ಗೇಟಿನಲ್ಲಿ ಬಂದವರನ್ನು ಹೊಲಿಸಿ ನೋಡುವ ಲೈನ್ ಸೂಪರ್‌ವೈಸರ್ ಈಗಾಗಲೇ ಅಸೆಸರ್. ಆಕೆ ಹತ್ತು ನಿಮಿಷ ನೋಡಿ ಕೊಡುವ ತೀರ್ಪು ಆ ಕಾರ್ಖಾನೆಗೆ ಸಾಕು. ಆದರೆ ಅದು ಎಲ್ಲೂ ದಾಖಲಾಗುವುದಿಲ್ಲ, ಕೆಲಸಗಾರಳ ಸ್ವತ್ತಾಗುವುದಿಲ್ಲ. ಆಕೆ ಮುಂದಿನ ಕಾರ್ಖಾನೆಯ ಗೇಟಿಗೆ ಹೋದಾಗ ಮತ್ತೆ ಹೊಸಬಳೇ. ಗೇಟಿನ ಪರೀಕ್ಷೆಯನ್ನು ನಡೆಸುವ ಇದೇ ಜನರನ್ನು ತರಬೇತಿ ಕೊಟ್ಟು, ಬೇರೆ ಕಾರ್ಖಾನೆಗಳ ಅಭ್ಯರ್ಥಿಗಳನ್ನು ನೋಡಲು ಕಳಿಸಿ, ಅವರ ತೀರ್ಪಿಗೆ ಸಾರ್ವಜನಿಕ ಮಾನ್ಯತೆ ಕೊಟ್ಟರೆ ಮಾಲೀಕರು ಅದನ್ನು ನಂಬದೇ ಇರಲು ಕಾರಣ ಉಳಿಯುವುದಿಲ್ಲ.

ಮಾಲೀಕರಿಗೆ ನಂಬುವ ಮನಸ್ಸಿಲ್ಲದೇ ಇರಲು ಮಾತ್ರ ಇನ್ನೊಂದು ಕಾರಣವಿದೆ, ಅದನ್ನು ಮುಚ್ಚಿಡಬಾರದು. ಕರ್ನಾಟಕದ ಕನಿಷ್ಠ ವೇತನ ಅಧಿಸೂಚನೆಗಳು ಕೆಲಸಗಾರರನ್ನು ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂದು ವಿಂಗಡಿಸುತ್ತವೆ. ವರ್ಷಗಟ್ಟಲೆ ಹೊಲಿದವಳು ಯಾವ ವರ್ಗಕ್ಕೆ ಸೇರಬೇಕೆಂಬುದನ್ನು ಬಹುತೇಕ ಕಡೆ ಮಾಲೀಕರೇ ನಿರ್ಧರಿಸುತ್ತಾರೆ. ವಿಶ್ವಾಸಾರ್ಹ ಮೌಲ್ಯಮಾಪನ ‘ಈಕೆ ಕುಶಲಳು’ ಎಂದು ಬರೆದುಕೊಟ್ಟ ದಿನ ಸಂಬಳದ ಪ್ರಶ್ನೆ ಏಳುತ್ತದೆ. ಆದ್ದರಿಂದಲೇ ಪ್ರಮಾಣಪತ್ರವನ್ನು ವೇತನದ ವರ್ಗಕ್ಕೆ ಕಾನೂನಿನಲ್ಲಿ ಜೋಡಿಸಬೇಕು, ಜೋಡಿಸಿದ ಮೇಲೆ ಅಸೆಸರ್ ಮೇಲೆ ಬೀಳುವ ಒತ್ತಡ ಹತ್ತು ಪಟ್ಟು ಹೆಚ್ಚುತ್ತದೆ ಎಂಬುದನ್ನೂ ನೆನಪಿಡಬೇಕು. ಆಗ ಅವರಿಗೆ ಬೇಕಾಗುವುದು ಅಭ್ಯರ್ಥಿಗಳ ತಲೆಯೆಣಿಕೆಗೆ ಅಂಟದ ದಿನಗೂಲಿ, ಪಾಸು ಫೇಲುಗಳ ಸಂಖ್ಯೆ ನೋಡಿ ಪಟ್ಟಿಯಿಂದ ಕೈಬಿಡುವಂತಿಲ್ಲ ಎಂಬ ರಕ್ಷಣೆ, ಏಜೆನ್ಸಿಯ ಬದಲು ರಾಜ್ಯದ ಒಂದು ಮಂಡಳಿಯಿಂದ ನೇಮಕ. ಅಭ್ಯರ್ಥಿಗೂ ಹಕ್ಕು ಬೇಕು. ಫೇಲ್ ಆದವಳಿಗೆ ಇಂದು ಸಿಗುವುದು ಒಂದು ಅಂಕ, ಒಂದು ಪದ. ಏನನ್ನು ನೋಡಿದೆವು, ಯಾವುದು ಇನ್ನೂ ಬಂದಿಲ್ಲ, ಅದನ್ನು ಯಾರ ಹತ್ತಿರ ಎಷ್ಟು ದಿನ ಅಭ್ಯಾಸ ಮಾಡಿದರೆ ಮತ್ತೆ ಬರಬಹುದು ಎಂದು ಕನ್ನಡದಲ್ಲಿ ಬರೆದು, ಓದಿ ಹೇಳಿ, ಅಸೆಸರ್ ಸಹಿ ಹಾಕಿ ಕೊಡಬೇಕು. ತೀರ್ಪು ಒಪ್ಪಿಗೆಯಾಗದಿದ್ದರೆ ಬೇರೆ ಮೂವರ ಮುಂದೆ ಮತ್ತೊಮ್ಮೆ ಕೆಲಸ ಮಾಡಿ ತೋರಿಸುವ ಅವಕಾಶ ಶುಲ್ಕವಿಲ್ಲದೆ ಆಕೆಗೆ ಸಿಗಬೇಕು.